ಅತ್ತೆಯ ಗಾಯ, ಸೊಸೆಯ ಕಡಲಪಾಚಿ

ಅತ್ತೆಗೆ ಸಕ್ಕರೆ ಕಾಯಿಲೆ. ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಾದ ಗಾಯ ಮಾಯುವ ಬದಲು ಕೀವು ತುಂಬಿಕೊಂಡಿತ್ತು. ಹೀಗೇ ಬಿಟ್ಟರೆ ಕಾಲಿಗೇ ಸಂಚಕಾರವೆಂದು ಸೊಸೆಗೆ ಗೊತ್ತಿತ್ತು. ಅತ್ತೆಯದು ಒಂದೇ ಹಟ: ಮನೆಯಲ್ಲೇ ಮದ್ದಿರುವಾಗ ಆಸ್ಪತ್ರೆ ಯಾಕೆ?

ಮನೆಯ ಮದ್ದೆಂದರೆ ಸೊಸೆಯ ಕಡಲಪಾಚಿ. ಪ್ರಯೋಗಾಲಯದಲ್ಲಿ ಪಾಚಿಯನ್ನು ಒಣಗಿಸಿ, ಪುಡಿಮಾಡಿ, ಸಾರ ತೆಗೆದು, ಅದು ಬ್ಯಾಕ್ಟೀರಿಯಾವನ್ನು ತಡೆಯುತ್ತದೆಯೇ ಎಂದು ನೋಡುವುದು ಅವಳ ಕೆಲಸ. ಒಮ್ಮೆ ಫೋನಿನಲ್ಲಿ ಗಾಜಿನ ತಟ್ಟೆಯೊಂದರ ಚಿತ್ರ ತೋರಿಸಿದ್ದಳು. ಬ್ಯಾಕ್ಟೀರಿಯಾದ ಮಬ್ಬು ಪದರದ ನಡುವೆ ಪಾಚಿಯ ಸಾರ ಹೀರಿದ ಕಾಗದದ ಬಿಲ್ಲೆ. ಅದರ ಸುತ್ತ ಏನೂ ಬೆಳೆಯದ ತಿಳಿಯಾದ ವೃತ್ತ. ಅತ್ತೆ ಅದನ್ನು ಹಾಲಿನವನಿಗೂ ತೋರಿಸಿ ಬಂದಿದ್ದರು.

"ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಿಂದು ಸಮುದ್ರದ್ದು ಕಣೇ, ತಂದು ಹಚ್ಚು," ಎಂದರು.

ತಟ್ಟೆಯೇ ಬೇರೆ, ಕಾಲೇ ಬೇರೆ ಎಂದು ಎಷ್ಟು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಕೊನೆಗೆ ಸೊಸೆ ಒಂದು ಕರಾರು ಮಾಡಿಕೊಂಡಳು. ಗಾಯದ ಕೀವನ್ನು ಹತ್ತಿಕಡ್ಡಿಯಲ್ಲಿ ಒಯ್ದು, ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಪಾಚಿಯ ಸಾರದೊಡನೆ ಬೆಳೆಸಿ ನೋಡುವುದು. ವೃತ್ತ ಮೂಡದಿದ್ದರೆ ಅತ್ತೆ ಮರುಮಾತಿಲ್ಲದೆ ಆಸ್ಪತ್ರೆಗೆ ಬರುವುದು.

ಮರುದಿನ ಪ್ರಯೋಗಾಲಯದಲ್ಲಿ ತಟ್ಟೆಯನ್ನು ಹೊರತೆಗೆಯಲು ಹೋದಳು. ವರ್ಷಗಟ್ಟಲೆ ವೃತ್ತ ಮೂಡಲೆಂದು ಹಂಬಲಿಸಿದವಳು ಮೊದಲ ಸಲ ಮೂಡದಿರಲಿ ಎಂದುಕೊಂಡಳು. ಮೂಡಿರಲಿಲ್ಲ. ಹೋಲಿಕೆಗೆಂದು ಇಟ್ಟಿದ್ದ, ಆಸ್ಪತ್ರೆಯಲ್ಲಿ ಕೊಡುವ ಔಷಧದ ಬಿಲ್ಲೆಯ ಸುತ್ತ ಮಾತ್ರ ಅಗಲವಾದ ವೃತ್ತವಿತ್ತು. ಸಮಾಧಾನವಾಯಿತು. ಆದರೂ ಪಾಚಿಯ ಬಿಲ್ಲೆಯ ಸುತ್ತ ಇನ್ನೊಮ್ಮೆ ಕಣ್ಣಾಡಿಸಿದಳು.

ಸಂಜೆ ಅತ್ತೆ ಕನ್ನಡಕ ಏರಿಸಿ ಹೊಸ ಚಿತ್ರವನ್ನು ಬಹಳ ಹೊತ್ತು ನೋಡಿದರು. ಕಾಲಿನ ಮಾತೇ ಎತ್ತಲಿಲ್ಲ.

"ಅಂದ್ರೆ ನೀನು ಇಷ್ಟು ದಿನ ಪಟ್ಟ ಪಾಡು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಾ?"

"ಇಲ್ಲ ಅತ್ತೆ. ಬೇರೆ ಕೆಲವು ಬ್ಯಾಕ್ಟೀರಿಯಾ ಬಗ್ಗುತ್ವೆ. ನಿಮ್ಮದು ಬಗ್ಗಲಿಲ್ಲ, ಅಷ್ಟೇ."

"ನಂದಲ್ವಾ, ಹೇಗೆ ಬಗ್ಗುತ್ತೆ," ಎಂದು ಅತ್ತೆ ಎದ್ದು ಸೀರೆ ಬದಲಾಯಿಸಲು ಹೋದರು.

ಆಸ್ಪತ್ರೆಯಲ್ಲಿ ಡಾಕ್ಟರು ಗಾಯ ತೊಳೆದು ಮಾತ್ರೆ ಬರೆದರು. ಇನ್ನೊಂದು ವಾರ ಕಳೆದಿದ್ದರೆ ಕಷ್ಟವಿತ್ತು, ಈಗ ಕಾಲಿಗೇನೂ ಆಗುವುದಿಲ್ಲ ಎಂದರು. ಮನೆಯವರು ಇಷ್ಟು ತಡ ಮಾಡಿದ್ದೇಕೆ ಎಂದು ಡಾಕ್ಟರು ಸೊಸೆಯ ಕಡೆ ನೋಡಿದಾಗ ಅತ್ತೆ ನಡುವೆ ಬಾಯಿ ಹಾಕಿದರು.

"ತಡ ಮಾಡಿದ್ದು ನಾನು. ಇವಳು ಮೊದಲನೇ ದಿನದಿಂದ ಹೇಳ್ತಾನೇ ಇದ್ಲು."

ಆಮೇಲೆ ಸೊಸೆಯ ಫೋನು ಇಸಿದುಕೊಂಡು, ವೃತ್ತ ಮೂಡಿದ್ದ ಆ ಹಳೆಯ ಚಿತ್ರವನ್ನೇ ಹುಡುಕಿ ತೆಗೆದು ಡಾಕ್ಟರ ಮುಂದೆ ಹಿಡಿದರು.