ಗೋಡೆ ಬಿದ್ದ ಮೇಲಿನ ಭಾನುವಾರಗಳು

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಚರ್ಚಿನ ಬೀದಿಬದಿಯ ಗೋಡೆ ಇದ್ದಕ್ಕಿದ್ದಂತೆ ಕುಸಿದುಬಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಧೂಳು ಅಡಗಿದ ಮೇಲೆ ನೋಡಿದರೆ, ಒಳಗಿನ ಬೆಂಚು, ವೇದಿಕೆ, ಹಾರ್ಮೋನಿಯಂ ಎಲ್ಲವೂ ಎದುರಿನ ಕ್ಷೌರಿಕನಿಗೆ ಅಂಗೈ ಮೇಲಿಟ್ಟ ಹಾಗೆ ಕಾಣುತ್ತಿದ್ದವು. ಇಪ್ಪತ್ತು ವರ್ಷದಿಂದ ಅಲ್ಲೇ ಅಂಗಡಿಯಿಟ್ಟಿದ್ದರೂ ಅವನು ಚರ್ಚಿನೊಳಗನ್ನು ಕಂಡದ್ದು ಅದೇ ಮೊದಲು.

ಅದಕ್ಕೆ ಕಾರಣ ಬೀಗದ ಮಾವ. ಸಭೆಯ ಹಿರಿಯರಾದ ಅವರನ್ನು ಸ್ವಂತ ನಾದಿನಿಯಿಂದ ಹಿಡಿದು ಪಾದ್ರಿಗಳವರೆಗೆ ಎಲ್ಲರೂ ಕರೆಯುವುದೇ ಹಾಗೆ. ಕೊನೆಯ "ಆಮೆನ್" ಕೇಳಿಸುವುದಕ್ಕೂ ಮಾವನ ಬೀಗದ ಕೈ ಗೊಂಚಲು ಝಣಗುಟ್ಟುವುದಕ್ಕೂ ಸರಿಹೋಗುತ್ತಿತ್ತು. ಹೊರಗಿನವರು ಬಂದರೆ ಬೆಂಚು ಹಾಳಾಗುತ್ತದೆ ಎಂಬುದು ಅವರ ವಾದ. ಹೊರಗಿನವರು ಬರಲಿಲ್ಲ, ಒಳಗಿನವರೂ ಕರಗುತ್ತ ಹತ್ತೊಂಬತ್ತಕ್ಕೆ ಇಳಿದರು. ಬೆಂಚುಗಳು ಮಾತ್ರ ಮಿರಿಮಿರಿ ಮಿಂಚುತ್ತಿದ್ದವು.

ಗೋಡೆ ಬಿದ್ದ ದಿನವೂ ಮಾವ ಮುಂಬಾಗಿಲಿಗೆ ಬೀಗ ಜಡಿದು, ಎರಡು ಸಲ ಜಗ್ಗಿ ನೋಡಿದರು.

"ಮಾವ, ಪಕ್ಕದಲ್ಲಿ ಲಾರಿ ನುಗ್ಗೋಷ್ಟು ಜಾಗ ಇದೆಯಲ್ಲ!" ಕ್ಷೌರಿಕ ಕೂಗಿದ.

"ಮರ್ಯಾದಸ್ಥರು ಬಾಗಿಲಿಂದಾನೇ ಬರ್ತಾರೆ" ಎಂದು ಮಾವ ಹೊರಟೇಬಿಟ್ಟರು.

ಭಾನುವಾರ ಬಂತು. ಪಾದ್ರಿಗಳು ಹೊಸಬರು, ಸಂಕೋಚದ ಮನುಷ್ಯ. ಬೀದಿಗೆ ಮುಖ ಮಾಡಲೋ ಬೆನ್ನು ಹಾಕಲೋ ತಿಳಿಯದೆ ಓರೆಯಾಗಿ ನಿಂತು ಪ್ರಸಂಗ ಶುರುಮಾಡಿದರು. "ಹಾಗಾದರೆ, ನಮ್ಮ ನೆರೆಯವನು ಯಾರು?" ಎಂದು ಗಂಭೀರವಾಗಿ ಕೇಳಿದರು.

"ನಾನೇ ಸ್ವಾಮಿ, ಎದುರಂಗಡಿ!" ಕ್ಷೌರಿಕ ಕತ್ತರಿ ಎತ್ತಿ ತೋರಿಸಿದ. ಅರ್ಧ ಗಡ್ಡಕ್ಕೆ ನೊರೆ ಮೆತ್ತಿಕೊಂಡಿದ್ದ ಗಿರಾಕಿಯೂ ಕೈ ಎತ್ತಿದ.

ಹದಿನೆಂಟು ಜನ ಬಿದ್ದು ಬಿದ್ದು ನಕ್ಕರು. ಮಾವ ನಗಲಿಲ್ಲ. ಪಾದ್ರಿಗಳು ಕಣ್ಣೊರೆಸಿಕೊಂಡು, "ಹಂಗಾದ್ರೆ ಬನ್ನಿ, ಯಾಕೆ ದೂರ ನಿಂತಿದ್ದೀರಿ?" ಎಂದರು.

"ಈ ಗಡ್ಡ ಮುಗಿಸಿ ಬಂದೆ!"

ಹೇಳಿದ ಹಾಗೆ ಬಂದ, ಗಿರಾಕಿಯನ್ನೂ ಕರೆತಂದ. ಆಮೇಲೆ ತಡೆಯುವವರು ಯಾರು? ಸರದಿಗೆ ಕಾಯುವವರು ಚರ್ಚಿನ ಬೆಂಚಿನಲ್ಲೇ ಕೂರತೊಡಗಿದರು. ಮೂಲೆಯಂಗಡಿಯ ದರ್ಜಿಯಮ್ಮ ಗುಂಡಿ ಹೊಲಿಯುವ ಕೆಲಸವನ್ನು ಅಲ್ಲಿಗೇ ತಂದಳು. ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುವ ಮಾವನ ನಾದಿನಿ ಮಧ್ಯಾಹ್ನ ಅಭ್ಯಾಸಕ್ಕೆ ಕೂತರೆ ಬೀದಿಗೆ ಬೀದಿಯೇ ಕಿವಿಗೊಡುತ್ತಿತ್ತು.

ಮಾವ ಮಾತ್ರ ದಿನಾ ಬಂದು ಗಾರೆ ಕೆಲಸದ ಮೇಸ್ತ್ರಮ್ಮನ ತಲೆ ತಿನ್ನುತ್ತಿದ್ದರು. "ಗೋಡೆ ಯಾವಾಗಮ್ಮ ಏಳೋದು?"

"ಅವಸರ ಮಾಡಿದ್ರೆ ಮತ್ತೆ ಬೀಳುತ್ತೆ ಮಾವ. ಆಗ ನಿಮ್ಮನ್ನೇ ನಿಲ್ಲಿಸಬೇಕಾಗುತ್ತೆ."

ಹೀಗಿರುವಾಗ ಮಾವನ ತಮ್ಮನ ಮಗಳ ಮದುವೆ ಬಂತು. ಅವರು ಸದಾ ಹೋಗುತ್ತಿದ್ದ ಕ್ಷೌರದಂಗಡಿ ಅಂದು ಮುಚ್ಚಿತ್ತು. ಬೇರೆ ದಾರಿಯಿಲ್ಲದೆ, ಮುಖ ಗಂಟಿಕ್ಕಿಕೊಂಡು ಎದುರಂಗಡಿಯ ಕುರ್ಚಿ ಹತ್ತಿದರು.

ಮುಂದಿನ ಕನ್ನಡಿಯಲ್ಲಿ ಚರ್ಚಿನ ಒಳಗೆಲ್ಲ ಕಾಣುತ್ತಿತ್ತು. ಮುದುಕಿಯೊಬ್ಬಳು ಚೀಲವನ್ನೇ ದಿಂಬು ಮಾಡಿಕೊಂಡು ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದಳು. ನಾದಿನಿ ದರ್ಜಿಯಮ್ಮನಿಗೆ ಹಾಡು ಹೇಳಿಕೊಡುತ್ತಿದ್ದಳು. ಪಾದ್ರಿಗಳು ಪೊರಕೆ ಹಿಡಿದು ಯಾರದೋ ಮಾತಿಗೆ ಗಟ್ಟಿಯಾಗಿ ನಗುತ್ತಿದ್ದರು. ಮಾವ ಕಣ್ಣು ಮುಚ್ಚಿಕೊಂಡರು.

"ಏನಾಯ್ತು ಮಾವ, ಕತ್ತರಿ ತಾಗಿತಾ?"

"ಇಲ್ಲ ಕಣಯ್ಯ." ಮಾವ ಕಣ್ಣು ತೆರೆದು ಮತ್ತೆ ಕನ್ನಡಿ ನೋಡಿದರು. "ನನ್ನ ಮದುವೆ ದಿನ ಹಿಂಗೆ ಗಿಜಿಗಿಜಿ ಅಂತಿತ್ತು. ಆಮೇಲೆ ನೋಡ್ತಿರೋದು ಇವತ್ತೇ."

ಮುಂದೆ ಅವನು ಏನಾದರೂ ಹೇಳುವಷ್ಟರಲ್ಲಿ ಮಾವ ಎದ್ದರು. ಎಡಗಡೆ ಕೂದಲು ಕತ್ತರಿಸಿಯಾಗಿತ್ತು, ಬಲಗಡೆ ಹಾಗೇ ಇತ್ತು. ಕೊರಳಿಗೆ ಬಿಗಿದ ಬಟ್ಟೆಯೊಂದಿಗೇ ಬೀದಿ ದಾಟಿದರು.

"ಮೇಸ್ತ್ರಮ್ಮ, ಗೋಡೆ ಕಟ್ಟೋದು ನಿಲ್ಸಿ!"

"ಮೊಣಕಾಲೆತ್ತರ ಕಟ್ಟಾಗಿದೆಯಲ್ಲ ಮಾವ!"

"ಒಡೀರಿ. ಇಲ್ಲಿ ಬಾಗಿಲು ಬೇಕು."

"ಎಷ್ಟಗಲ?"

ಮಾವ ಎರಡೂ ಕೈ ಚಾಚಿ ನಿಂತರು. ಅದು ಅವರಿಗೇ ಸಾಲದೆನಿಸಿತು. ಹಿಂದೆಯೇ ಕತ್ತರಿ ಹಿಡಿದು ಓಡಿಬಂದಿದ್ದ ಕ್ಷೌರಿಕನಿಗೆ, "ನೀನೂ ಚಾಚಯ್ಯ!" ಎಂದರು. ಇಬ್ಬರ ತೋಳಗಲಕ್ಕೆ ಮೇಸ್ತ್ರಮ್ಮ ಸುಣ್ಣದಲ್ಲಿ ಗೆರೆ ಎಳೆದಳು.

ಎರಡು ತಿಂಗಳಲ್ಲಿ ಕೆಲಸ ಮುಗಿಯಿತು. ಹೊಸ ಬಾಗಿಲು ತೆರೆದ ಭಾನುವಾರ ಮೆಟ್ಟಿಲ ಮೇಲೂ ಜನ. ಕ್ಷೌರಿಕ ತನ್ನದೇ ಒಂದು ರಾಗದಲ್ಲಿ ಎಷ್ಟು ಜೋರಾಗಿ ಹಾಡಿದನೆಂದರೆ, ನಾದಿನಿ ಸೋತು ಹಾರ್ಮೋನಿಯಮ್ಮನ್ನು ಅವನ ಹಿಂದೆಯೇ ಓಡಿಸಿದಳು. ಮಾವ ದರ್ಜಿಯಮ್ಮನ ಸ್ಟೂಲು ತಂದು ಮೂಲೆಯಲ್ಲಿ ಕೂತಿದ್ದರು. ತಡವಾಗಿ ಬಂದ ಮೇಸ್ತ್ರಮ್ಮನಿಗೆ ಅದನ್ನೂ ಬಿಟ್ಟುಕೊಟ್ಟು, ಕೊನೆಯ ಹಾಡಿನವರೆಗೆ ನಿಂತೇ ಹಾಡಿದರು.