ನಂಬರು ಕೂಡದ ನಳಿಗೆ

ಟೀಚರ್ ಪಿಸ್ತೂಲನ್ನು ಹಳೆಯ ಟವೆಲಿನಲ್ಲಿ ಸುತ್ತಿ ತಂದಿದ್ದರು. ಜೊತೆಗೆ ಕೋರ್ಟಿನ ಮೊಹರಿದ್ದ ಕಾಗದ. ಗಂಟನ್ನು ಅಂಗಡಿಯ ಮೇಜಿನ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದು ನಿಂತರು.

“ನೀವೇ ಬಿಚ್ಚಿ. ನಾನು ಇದುವರೆಗೂ ಮುಟ್ಟಿಲ್ಲ,” ಎಂದರು.

ಊರಿಗೆಲ್ಲ ಬಂದೂಕು ರಿಪೇರಿಯ ಲೈಸೆನ್ಸ್ ಇದ್ದದ್ದು ಅದೊಂದೇ ಅಂಗಡಿಗೆ. ಮೊದಲು ಮಾವ ನಡೆಸುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ ಸೊಸೆ ಆ ಕುರ್ಚಿಯಲ್ಲಿ ಕೂತಳು. ಮಾವನ ಮಗ, ಅವಳ ಗಂಡ, ರೈಲು ಓಡಿಸುವವನು, ಅರ ಹಿಡಿದು ಕೂರುವ ತಾಳ್ಮೆ ಅವನಿಗಿರಲಿಲ್ಲ. “ಅವನಿಗೆ ಎರಡು ಕಂಬಿ ಇದ್ರೆ ಸಾಕು, ಅತ್ತಿತ್ತ ನೋಡೋ ಗೋಜೇ ಇಲ್ಲ,” ಎಂದು ಮಾವ ನಗುತ್ತಿದ್ದರು. ಸೊಸೆಗೆ ಕೆಲಸ ಕಲಿಸಿದವರು ಅವರೇ. ಮೊದಮೊದಲು ಬಂದ ಗಿರಾಕಿಗಳು “ಯಜಮಾನರು ಇಲ್ವಾ?” ಎಂದು ಅವಳ ತಲೆಯ ಮೇಲಿಂದ ಒಳಗೆ ಇಣುಕುತ್ತಿದ್ದರು. ಈಗ ಹದಿನಾರು ವರ್ಷದಿಂದ ಯಾರೂ ಇಣುಕಿಲ್ಲ.

ಅವಳು ಟವೆಲು ಬಿಚ್ಚಿದಳು. ಹಳೆಯ ಸೈನ್ಯದ ಪಿಸ್ತೂಲು. ಮೈಯೆಲ್ಲ ಕೆಂಪು ತುಕ್ಕು. ಹಿಡಿಯ ಮರ ಒಂದು ಕಡೆ ಸೀಳಿತ್ತು.

“ಇದು ನಮ್ಮ ತಾತ ಯುದ್ಧದಿಂದ ತಂದದ್ದು,” ಎಂದರು ಟೀಚರ್. “ಆಮೇಲೆ ಅಪ್ಪನಿಗೆ ಬಂತು. ಅಪ್ಪ ಪೋಸ್ಟ್‌ಮಾಸ್ಟರ್ ಆಗಿದ್ರು, ಭಾನುವಾರ ಶೂಟಿಂಗ್ ಕ್ಲಬ್ಬಿಗೆ ಹೋಗೋರು. ಅಲ್ಲಿ ಒಂದು ದಿನ ಗುರಿಹಲಗೆ ನೆಡೋನಿಗೆ ಅಪ್ಪನ ಗುಂಡು ತಾಗಿ ಅವನು ಸತ್ತ. ನನಗಾಗ ಆರು ವರ್ಷ. ಅಪ್ಪನಿಗೆ ಎರಡು ವರ್ಷ ಜೈಲಾಯ್ತು. ಪಿಸ್ತೂಲು ನಲವತ್ತು ವರ್ಷ ಕೋರ್ಟಿನ ಉಗ್ರಾಣದಲ್ಲಿತ್ತು. ಈಗ ಉಗ್ರಾಣ ಖಾಲಿ ಮಾಡ್ತಿದಾರಂತೆ, ತಗೊಂಡು ಹೋಗಿ ಅಂತ ನೋಟಿಸು ಬಂತು.”

“ಮನೇಲಿ ಇಟ್ಕೊಳ್ತೀರಾ?”

“ಅಯ್ಯೋ ಬೇಡ. ಯುದ್ಧದ ಮ್ಯೂಸಿಯಮ್ಮಿನವರು ತಗೊಳ್ತಾರೆ. ಆದ್ರೆ ರಿಪೇರಿ ಆಗಿರ್ಬೇಕು, ಎಲ್ಲ ಭಾಗಾನೂ ಇದರದ್ದೇ ಆಗಿರ್ಬೇಕು ಅಂತಾರೆ.”

ಅವಳು ಪಿಸ್ತೂಲಿನ ನಂಬರನ್ನು ರಿಜಿಸ್ಟರಿನಲ್ಲಿ ಬರೆದುಕೊಂಡು ರಸೀದಿ ಕೊಟ್ಟಳು.

ಎರಡು ದಿನ ಅದು ಸೀಮೆಎಣ್ಣೆಯ ತಟ್ಟೆಯಲ್ಲಿ ನೆನೆಯಿತು. ಮೂರನೆಯ ದಿನ ನಳಿಗೆಯ ಮೇಲೆ ಕಚ್ಚಿಕೊಂಡಿದ್ದ ಸ್ಲೈಡು ಕಿರ್ರೆಂದು ಹಿಂದೆ ಸರಿಯಿತು. ಅವಳು ಒಂದೊಂದೇ ಭಾಗ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಇಂಥ ಹಳೆಯ ಪಿಸ್ತೂಲುಗಳಲ್ಲಿ ಮುಖ್ಯ ಭಾಗಗಳ ಮೇಲೆಲ್ಲ ಒಂದೇ ನಂಬರು ಕೊರೆದಿರುತ್ತಾರೆ, ಒಂದೇ ಮನೆಯ ಮಕ್ಕಳಿಗೆ ಒಂದೇ ಮನೆತನದ ಹೆಸರಿದ್ದಂತೆ. ಚೌಕಟ್ಟಿನ ಮೇಲೆ ೪೧೭. ಸ್ಲೈಡಿನ ಮೇಲೆ ೪೧೭. ಗುಂಡು ಸಿಡಿಸುವ ಕುದುರೆಯ ಬದಿಯಲ್ಲೂ ಭೂತಗನ್ನಡಿಯಲ್ಲಿ ಕಾಣುವಷ್ಟು ಸಣ್ಣದಾಗಿ ೪೧೭. ನಳಿಗೆಯನ್ನು ಮಗುಚಿ, ಬಿಚ್ಚಿದರೆ ಮಾತ್ರ ಕಾಣುವ ಅದರ ಹೊಟ್ಟೆಯನ್ನು ನೋಡಿದಳು.

೮೮೨.

ನಳಿಗೆ ಚೌಕಟ್ಟಿಗೆ ಕೂರುವ ಜಾಗದಲ್ಲಿ ಅರದ ಗೀರುಗಳಿದ್ದವು. ಬೇರೆ ಪಿಸ್ತೂಲಿನ ನಳಿಗೆಯನ್ನು ಯಾರೋ ಉಜ್ಜಿ ಇದಕ್ಕೆ ಕೂರಿಸಿದ್ದರು. ಒಳ್ಳೆಯ ಕೆಲಸ, ಅವಸರದ ಕೆಲಸ. ಗೀರುಗಳು ಎಡದಿಂದ ಬಲಕ್ಕೆ ಇಳಿಜಾರಾಗಿದ್ದವು. ಬಲಗೈಯವರ ಅರ ಹಾಗೆ ಇಳಿಯುವುದಿಲ್ಲ. ಮಾವ ಎಡಚರು. ಅವಳು ಆ ವಿಚಾರವನ್ನು ಮುಂದಕ್ಕೆ ಬೆಳೆಸದೆ ನಳಿಗೆಯನ್ನು ಬಟ್ಟೆಯ ಮೇಲಿಟ್ಟಳು. ಎಡಚರು ಊರಲ್ಲಿ ಒಬ್ಬರೇ ಇರುತ್ತಾರೆಯೇ?

ಟೀಚರಿಗೆ ಫೋನ್ ಮಾಡಿ ಒಂದು ಭಾಗ ಇದರದ್ದಲ್ಲ ಎಂದಷ್ಟೇ ಹೇಳಿದಳು. “ಇದರದ್ದೇ ಸಿಗುತ್ತಾ?” ಎಂದು ಅವರು ಕೇಳಿದರು. “ಸಿಕ್ಕರೆ ಅದೃಷ್ಟ. ಹುಡುಕ್ತೀನಿ,” ಎಂದಳು. ಹಳೆಯ ಬಂದೂಕು ಸಂಗ್ರಹಿಸುವವರ ಮಾಸಪತ್ರಿಕೆಯೊಂದಿತ್ತು. ಅದರಲ್ಲಿ ಎರಡು ಸಾಲು ಹಾಕಿಸಿದಳು: ಇಂಥ ಮಾದರಿಯ ಪಿಸ್ತೂಲಿನ ನಳಿಗೆ, ನಂಬರು ೪೧೭, ಇದ್ದವರು ತಿಳಿಸಿ. ಉತ್ತರ ಬರುತ್ತದೆಂಬ ನಂಬಿಕೆ ಅವಳಿಗೇ ಇರಲಿಲ್ಲ.

ಪತ್ರಿಕೆ ಬಂದ ಮೂರನೆಯ ದಿನ ಬೆಳಿಗ್ಗೆ ಅಂಗಡಿಯ ಫೋನು ಬಡಿದುಕೊಂಡಿತು.

“ನಾನು ಡಾಕ್ಟರ್,” ಎಂದಿತು ವಯಸ್ಸಾದ ದನಿ. ಹೆಸರು ಹೇಳುವ ಅಗತ್ಯವಿರಲಿಲ್ಲ. ನಿವೃತ್ತರಾದರೂ ಊರಿನ ಅರ್ಧ ಜನಕ್ಕೆ ಡಾಕ್ಟರೆಂದರೆ ಅವರೇ. “ನೀವು ಕೇಳಿದ ನಳಿಗೆ ನನ್ನ ಪಿಸ್ತೂಲಲ್ಲಿದೆ. ನಾಲ್ಕುನೂರ ಹದಿನೇಳು.”

ಅವಳಿಗೆ ನಂಬಲಾಗಲಿಲ್ಲ. “ಕೊಡ್ತೀರಾ ಸರ್? ನಿಮ್ಮ ಪಿಸ್ತೂಲಿಗೆ ನಳಿಗೆ ಬೇಡ್ವಾ?”

“ಕೊಡ್ತೀನಿ. ಅದರಲ್ಲಿರೋ ಎಂಟುನೂರ ಎಂಬತ್ತೆರಡನ್ನ ನನಗೆ ಹಾಕ್ಕೊಡಿ. ಅದಲು ಬದಲು, ಅಷ್ಟೇ. ಸಣ್ಣ ಕೆಲಸ, ರಿಜಿಸ್ಟರಲ್ಲೆಲ್ಲ ಬರೆಯೋಕೆ ಹೋಗ್ಬೇಡಿ. ಶನಿವಾರ ಹನ್ನೊಂದಕ್ಕೆ ಬರ್ತೀನಿ.”

ಫೋನಿಟ್ಟ ಮೇಲೆ ಅವಳ ಕೈ ಫೋನಿನ ಮೇಲೆಯೇ ಉಳಿಯಿತು. ಎಂಟುನೂರ ಎಂಬತ್ತೆರಡು ಎಂಬ ಸಂಖ್ಯೆಯನ್ನು ಅವಳು ಯಾರ ಬಳಿಯೂ ಆಡಿರಲಿಲ್ಲ, ಟೀಚರ ಬಳಿಯೂ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಯಾರೂ ಕೂಗುವ ಮೊದಲೇ ಕೈ ಹೆಗಲಿಗೆ ಹೋಗಿತ್ತು.

ಎರಡು ಪಿಸ್ತೂಲು, ಎರಡು ನಳಿಗೆ. ಸತ್ತವನ ಮೈಯಿಂದ ತೆಗೆದ ಗುಂಡಿನ ಮೇಲಿನ ಗೆರೆಗಳನ್ನು ನೋಡಿ ಅದು ಪೋಸ್ಟ್‌ಮಾಸ್ಟರ ಪಿಸ್ತೂಲಿನದೇ ಎಂದು ಪರೀಕ್ಷೆಯವರು ಹೇಳಿದ್ದರೆಂದು ಕೋರ್ಟಿನ ಕಾಗದದಲ್ಲಿತ್ತು. ಗುಂಡಿನ ಮೇಲೆ ಗೆರೆ ಬೀಳುವುದು ನಳಿಗೆಯಿಂದ. ಆ ನಳಿಗೆಯೇ ಡಾಕ್ಟರದ್ದಾಗಿದ್ದರೆ?

ಅವಳು ಅಂಗಡಿಯ ಬಾಗಿಲು ಅರ್ಧ ಎಳೆದು, ನಳಿಗೆಯನ್ನು ಹಿಡಿದುಕೊಂಡು ಮಹಡಿಗೆ ಹೋದಳು. ಮಾವ ಕಿಟಕಿಯ ಬಳಿ ರೇಡಿಯೊ ಕೇಳುತ್ತ ಕೂತಿದ್ದರು. ಅವಳು ಮಾತಾಡದೆ ನಳಿಗೆಯನ್ನು ಅವರ ಅಂಗೈಯಲ್ಲಿಟ್ಟಳು. ಮಾವ ಅಭ್ಯಾಸದಂತೆ ಹೆಬ್ಬೆರಳಿನಿಂದ ಸವರಿದರು. ಅರದ ಗೀರುಗಳ ಮೇಲೆ ಬೆರಳು ನಿಂತಿತು. ಅವರು ಇನ್ನೊಂದು ಕೈಯಿಂದ ತಡಕಾಡಿ ರೇಡಿಯೊ ಆರಿಸಿದರು.

“ಇದು ನಿನಗೆ ಹೇಗೆ ಸಿಕ್ತು?”

“ಪೋಸ್ಟ್‌ಮಾಸ್ಟರ ಮಗಳು ತಂದಿದಾರೆ. ಇದನ್ನ ಕೂರಿಸಿದ್ದು ನೀವೇನಾ ಮಾವ?”

ಮಾವ ನಳಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

“ಆಗ ಕ್ಲಬ್ಬಿನ ಬಂದೂಕು ನೋಡ್ಕೊಳ್ತಿದ್ದವನು ನಾನೇ,” ಎಂದರು. “ಹಲಗೆ ನೆಡೋನು ಗುಂಡು ನಿಲ್ಲಿಸಿ ಅಂತ ಗಂಟೆ ಹೊಡೀತಾನೇ ಮೈದಾನಕ್ಕೆ ಇಳಿದ. ಪೋಸ್ಟ್‌ಮಾಸ್ಟರು ಗಂಟೆ ಹೊಡೆಯೋ ಹೊತ್ತಿಗೇ ಗುಂಡು ಹಾರಿಸಿದ್ರು. ಡಾಕ್ಟರು ಯಾರ ಜೊತೆಗೋ ಮಾತಾಡ್ತಾ ಗಂಟೆ ಕೇಳಿಸ್ಕೊಳ್ಳದೆ ಗುಂಡು ಹಾರಿಸಿದ್ರು. ಎರಡು ಸದ್ದೂ ಒಂದರ ಬೆನ್ನಿಗೊಂದು. ಯಾರದ್ದು ತಾಗ್ತು ಅಂತ ಯಾರಿಗೂ ಗೊತ್ತಾಗ್ಲಿಲ್ಲ. ಡಾಕ್ಟರಿಗೆ ಗೊತ್ತಾಯ್ತು. ಓಡಿಹೋಗಿ ಅವನನ್ನ ಮಗುಚಿ, ಗುಂಡು ಯಾವ ಕಡೆಯಿಂದ ಹೊಕ್ಕಿದೆ ಅಂತ ನೋಡಿದ್ದು ಅವರೇ ಅಲ್ವಾ.”

“ಆಮೇಲೆ?”

“ಪೊಲೀಸರು ಬರೋವರೆಗೂ ಎರಡೂ ಪಿಸ್ತೂಲು ಬೀರುವಲ್ಲಿ, ಎರಡೂ ಒಂದೇ ಮಾದರಿ. ಬೀಗದ ಕೈ ನನ್ನ ಹತ್ರ. ಡಾಕ್ಟರು ಬಂದು ಪಕ್ಕದಲ್ಲಿ ನಿಂತ್ರು. ‘ಮಗ ಹೇಗಿದಾನೆ?’ ಅಂದ್ರು. ಆಮೇಲೆ ಬೀರು ಕಡೆ ನೋಡಿದ್ರು. ಅಷ್ಟೇ. ಬಾಯಿಬಿಟ್ಟು ಇನ್ನೇನೂ ಕೇಳ್ಲಿಲ್ಲ.”

ಸೊಸೆ ಕೆಳಗೆ ನೆಲದ ಮೇಲೆ ಕೂತಳು.

“ಅದಕ್ಕೆ ಒಂದು ತಿಂಗಳ ಹಿಂದೆ ನಿನ್ನ ಗಂಡನಿಗೆ ಗಂಟಲು ಬಾತು ಉಸಿರೇ ನಿಂತಿತ್ತು. ಐದು ವರ್ಷದ ಕೂಸು. ಡಾಕ್ಟರು ಮೂರು ದಿನ ಅವನ ಹಾಸಿಗೆ ಬಿಟ್ಟು ಏಳ್ಲಿಲ್ಲ. ನಳಿಗೆ ಬದಲಾಯಿಸೋದು ಕಾಲು ಗಂಟೆ ಕೆಲಸ ತಾಯಿ. ಕಾಲು ಗಂಟೆ.”

“ಈಗ ನಾನೇನು ಮಾಡ್ಲಿ?”

“ಅರ ನಿನ್ನ ಕೈಲಿದೆ,” ಎಂದರು ಮಾವ. ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು.

ಶನಿವಾರಕ್ಕೆ ಇನ್ನೂ ಎರಡು ದಿನವಿತ್ತು. ಗಂಡ ದೂರದ ಗಾಡಿಯಲ್ಲಿದ್ದ, ಬರುವುದು ಸೋಮವಾರ. ಫೋನಿನಲ್ಲಿ ಹೇಳುವ ಮಾತೂ ಅಲ್ಲ. ಅವಳು ಪಿಸ್ತೂಲಿನ ಉಳಿದ ಕೆಲಸ ಮಾಡಿದಳು. ತುಕ್ಕು ತೆಗೆದಳು, ಸೀಳಿದ ಹಿಡಿಗೆ ಅಂಟು ಹಾಕಿ ಬಿಗಿದಳು, ಸ್ಪ್ರಿಂಗು ತೊಳೆದಳು. ಕೈ ಕೆಲಸದಲ್ಲಿದ್ದರೂ ಮನಸ್ಸು ಅಡಕತ್ತರಿಯಲ್ಲಿತ್ತು. ಅದಲು ಬದಲು ಮಾಡಿದರೆ ಎರಡೂ ಪಿಸ್ತೂಲು ಕಾರ್ಖಾನೆಯಿಂದ ಬಂದ ಹಾಗಾಗುತ್ತವೆ. ಟೀಚರಿಗೆ ಸಂತೋಷ, ಮ್ಯೂಸಿಯಮ್ಮಿಗೆ ಸಂತೋಷ. ಡಾಕ್ಟರು ನಲವತ್ತು ವರ್ಷ ಕಾದದ್ದೂ ಅದಕ್ಕೇ. ಅಷ್ಟು ಚೊಕ್ಕವಾಗಿ ರಿಪೇರಿ ಮಾಡಿದರೆ ಪೋಸ್ಟ್‌ಮಾಸ್ಟರು ಕೊಲೆಗಾರರಾಗಿಯೇ ಉಳಿಯುತ್ತಾರೆ. ಮಾಡದಿದ್ದರೆ ಮಾವ ಕಟಕಟೆ ಹತ್ತಬೇಕು. ಅನ್ನ ಕೊಟ್ಟ ವಿದ್ಯೆ ಅವರದ್ದು. ಉಸಿರು ಉಳಿಸಿಕೊಂಡ ಮಗ ಅವಳ ಗಂಡ.

ಶುಕ್ರವಾರ ಮಧ್ಯಾಹ್ನ ಟೀಚರಿಗೆ ಫೋನ್ ಮಾಡಿ ಮರುದಿನ ಹನ್ನೊಂದೂಕಾಲಿಗೆ ಬರಲು ಹೇಳಿದಳು. ಏನು ಹೇಳುತ್ತೇನೆಂದು ಅವಳಿಗೂ ಗೊತ್ತಿರಲಿಲ್ಲ. ಮಾವನಿಗೆ ಆ ವಿಷಯ ತಿಳಿಸಿದಾಗ ಅವರು ಊಟದ ತಟ್ಟೆಯಿಂದ ತಲೆಯೆತ್ತಲಿಲ್ಲ.

ಡಾಕ್ಟರು ಹನ್ನೊಂದಕ್ಕೆ ಐದು ನಿಮಿಷ ಮೊದಲೇ ಬಂದರು. ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ. ಚರ್ಮದ ಚೀಲವನ್ನು ಮೇಜಿನ ಮೇಲಿಟ್ಟು ಕೂತರು. “ಬೇಗ ಆಗುತ್ತಲ್ವಾ ಅಮ್ಮಾ?”

ಅವಳು ಪಿಸ್ತೂಲನ್ನು ಹೊರತೆಗೆದು, ಬಾಯಿಯನ್ನು ಗೋಡೆಯ ಕಡೆ ಮಾಡಿ ಸ್ಲೈಡನ್ನು ಹಿಂದಕ್ಕೆ ಎಳೆದಳು. ಒಳಗಿಂದ ಹಿತ್ತಾಳೆ ಬಣ್ಣದ ಗುಂಡೊಂದು ಚಿಮ್ಮಿ ಮೇಜಿನ ಮೇಲೆ ಉರುಳಿತು.

ಅದು ಮೇಜಿನ ಅಂಚಿಗೆ ಬರುವ ಮೊದಲೇ ಅವಳು ಬೆರಳಿನಿಂದ ತಡೆದಳು.

“ಸರ್, ಇದು ಭರ್ತಿ ಇದೆ.”

“ಓ. ಮರೆತಿದ್ದೆ,” ಎಂದರು ಡಾಕ್ಟರು. ಅವರ ಕಣ್ಣು ಗುಂಡಿನ ಮೇಲಿತ್ತು, ಆಮೇಲೆ ಅವಳ ಮುಖದ ಮೇಲೆ. ಮರೆತದ್ದೋ, ಬೇಕೆಂದೇ ತಂದದ್ದೋ, ತನಗೋ, ಬೇರೆ ಯಾರಿಗೋ, ಅವಳಿಗೆ ತಿಳಿಯಲಿಲ್ಲ. ಉಳಿದ ಗುಂಡುಗಳನ್ನೂ ತೆಗೆದು ಡ್ರಾಯರಿಗೆ ಹಾಕಿ ಬೀಗ ಜಡಿದಳು. ಪಿಸ್ತೂಲು ಬಿಚ್ಚಿದಳು. ಎರಡು ನಳಿಗೆಗಳನ್ನೂ ಬಿಳಿ ಬಟ್ಟೆಯ ಮೇಲೆ ಜೊತೆಯಾಗಿ ಇಟ್ಟಳು. ಎರಡರ ಹೊಟ್ಟೆಯಲ್ಲೂ ಒಂದೇ ಕೈಯ ಇಳಿಜಾರು ಗೀರು.

“ಏನು ಯೋಚನೆ? ಹಾಕಿ,” ಎಂದರು ಡಾಕ್ಟರು.

ಅವಳು ರಿಜಿಸ್ಟರು ಎಳೆದುಕೊಂಡಳು. ಪೆನ್ನಿನ ಮುಚ್ಚಳ ತೆಗೆದಳು.

“ಬರೆಯೋದು ಬೇಡ ಅಂದಿದ್ದೆನಲ್ಲ.”

“ಬರೆಯದೆ ಮುಟ್ಟೋ ಹಾಗಿಲ್ಲ ಸರ್.”

ಅಷ್ಟರಲ್ಲಿ ಟೀಚರ್ ಒಳಗೆ ಬಂದರು. ಡಾಕ್ಟರು ಅವರನ್ನು ನೋಡಿ ಕೂಡಲೇ ಎದ್ದು ನಿಂತು, ಅಂಗಿಯ ತೋಳು ಸರಿಮಾಡಿಕೊಂಡರು. ಮಹಡಿಯ ಮೆಟ್ಟಿಲುಗಳ ಮೇಲೆ ನಿಧಾನವಾದ ಹೆಜ್ಜೆ ಕೇಳಿಸಿತು. ಮಾವ ಗೋಡೆ ಹಿಡಿದುಕೊಂಡು ಇಳಿಯುತ್ತಿದ್ದರು. ಅಂಗಡಿಗೆ ಅವರು ಇಳಿದು ನಾಲ್ಕು ವರ್ಷವಾಗಿತ್ತು. ಸೊಸೆ ಹೋಗಿ ಕೈ ಹಿಡಿಯಬೇಕೆಂದು ಎದ್ದಳು, ಆದರೆ ಬಟ್ಟೆಯ ಮೇಲಿನ ನಳಿಗೆಗಳನ್ನು ಬಿಟ್ಟು ಹೋಗಲು ಧೈರ್ಯ ಬರಲಿಲ್ಲ.

“ಪೋಸ್ಟ್‌ಮಾಸ್ಟರ ಮಗಳು ಬಂದಿದಾರಾ?” ಎಂದರು ಮಾವ.

“ಬಂದಿದೀನಿ,” ಎಂದರು ಟೀಚರ್.

ಮಾವ ನಿಂತಲ್ಲೇ ಹೇಳಿದರು. ಸೊಸೆಗೆ ಹೇಳಿದ್ದನ್ನೇ, ಅದಕ್ಕಿಂತ ಕಡಿಮೆ ಮಾತಿನಲ್ಲಿ. ಮಗನ ಕಾಯಿಲೆಯ ವಿಷಯ ಎತ್ತಲೇ ಇಲ್ಲ.

“ವಯಸ್ಸಾಗಿದೆ ಇವರಿಗೆ,” ಎಂದರು ಡಾಕ್ಟರು. “ಏನೇನೋ ಹೇಳ್ತಾರೆ.”

“ಕಣ್ಣು ಹೋಗಿದೆ ಡಾಕ್ಟ್ರೇ. ನೆನಪು ಹೋಗಿಲ್ಲ.”

ಡಾಕ್ಟರು ಮಾವನ ಕಡೆ ತಿರುಗಿದರು. ಆಮೇಲೆ ತೀರ ಮೆತ್ತಗೆ, “ಮಗ ಹೇಗಿದಾನೆ?” ಎಂದರು.

“ಚೆನ್ನಾಗಿದಾನೆ,” ಎಂದರು ಮಾವ. “ಆ ಋಣಕ್ಕೇ ನಲವತ್ತು ವರ್ಷ ಬಾಯಿ ಹೊಲ್ಕೊಂಡಿದ್ದೆ. ಅದನ್ನ ತೀರಿಸಿದ್ದು ಇವರಪ್ಪ, ನಾನಲ್ಲ.”

ಟೀಚರ್ ಅಳಲಿಲ್ಲ, ಕೂಗಲಿಲ್ಲ. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಕೇಳಿದ್ದು ಒಂದೇ ಪ್ರಶ್ನೆ: “ಅಪ್ಪನಿಗೆ ಗೊತ್ತಿತ್ತಾ? ತಾನಲ್ಲ ಅಂತ?”

ಮಾವ ಗೋಡೆಗೆ ಒರಗಿದರು. “ಇಲ್ಲ. ಜೈಲಿಂದ ಬಂದ ಮೇಲೆ ಒಂದು ಸಲ ಇದೇ ಅಂಗಡಿಗೆ ಬಂದಿದ್ರು. ‘ನಾನು ಎಡಗಡೆ ದಿಬ್ಬಕ್ಕೆ ಹೊಡೆದಿದ್ದೆ, ಗುಂಡು ಅಷ್ಟು ತಿರುಗುತ್ತಾ?’ ಅಂತ ಕೇಳಿದ್ರು. ಕಲ್ಲಿಗೆ ತಾಗಿದ್ರೆ ತಿರುಗಬಹುದು ಅಂದೆ ನಾನು. ತಲೆ ಆಡಿಸಿ ಹೋದ್ರು.”

ಡಾಕ್ಟರು ಪಿಸ್ತೂಲಿಗೆ ಕೈ ಚಾಚಿದರು. ಸೊಸೆ ಬಟ್ಟೆಯ ನಾಲ್ಕು ಮೂಲೆ ಎತ್ತಿ ಎಲ್ಲವನ್ನೂ ಒಟ್ಟಿಗೆ ತನ್ನ ಕಡೆ ಎಳೆದುಕೊಂಡಳು. “ಭರ್ತಿ ಮಾಡಿದ್ದನ್ನ ಅಂಗಡಿಗೆ ತಂದಿದೀರಿ ಸರ್. ಸ್ಟೇಷನ್ನಿನವರು ಬರೋವರೆಗೂ ಇದು ಇಲ್ಲೇ ಇರುತ್ತೆ,” ಎಂದು ಫೋನೆತ್ತಿದಳು. ನಂಬರು ತಪ್ಪಲಿಲ್ಲ. ಡಾಕ್ಟರು ಬಾಗಿಲ ಕಡೆ ನೋಡಿದರು, ಹೋಗಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತರು. ಪೊಲೀಸರು ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಬಟ್ಟೆಯ ಗಂಟು ಅವಳ ಮಡಿಲಲ್ಲೇ ಇತ್ತು.

ಸೋಮವಾರ ಗಂಡ ಬಂದ. ಎಲ್ಲ ಕೇಳಿ ಚೀಲವನ್ನೂ ಇಳಿಸದೆ ಅಪ್ಪನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ಒಳಗೆ ಏನಾಯಿತೆಂದು ಅವಳು ಕೇಳಲಿಲ್ಲ. ಹೊರಗೆ ಬಂದಾಗ ಅವನ ಕಣ್ಣುಗಳು ಕೆಂಪಾಗಿದ್ದವು. “ನಾನು ಬದುಕಿದ್ದಕ್ಕೆ ಯಾರ್ಯಾರು ಏನೇನು ಕೊಟ್ಟಿದಾರೆ ನೋಡು,” ಎಂದಷ್ಟೇ ಹೇಳಿದ.

ಸತ್ತವನ ಮೈಯಿಂದ ತೆಗೆದ ಗುಂಡು ಹಳೆಯ ಕಡತದ ಜೊತೆ ಸಣ್ಣ ಶೀಷೆಯಲ್ಲಿ ಇನ್ನೂ ಇತ್ತು. ಎಂಟುನೂರ ಎಂಬತ್ತೆರಡಕ್ಕೆ ಅದು ಕೂಡಿತು. ಡಾಕ್ಟರು ಮೊದಲು ಅಲ್ಲಗಳೆದರು, ಆಮೇಲೆ ಹಾಸಿಗೆ ಹಿಡಿದು ವಕೀಲರ ಮೂಲಕ ಒಪ್ಪಿಕೊಂಡರು. ಮಾವ ಕಟಕಟೆಯಲ್ಲಿ ಕುರ್ಚಿ ಬೇಡವೆಂದು ನಿಂತೇ ಹೇಳಿಕೆ ಕೊಟ್ಟರು; ವಯಸ್ಸು ನೋಡಿ ನ್ಯಾಯಾಧೀಶರು ಜೈಲಿಗೆ ಕಳಿಸಲಿಲ್ಲ. ಅಂಗಡಿಯ ಲೈಸೆನ್ಸ್ ನಾಲ್ಕು ತಿಂಗಳು ಅಮಾನತಾಯಿತು. ಅಷ್ಟು ದಿನ ಸೊಸೆ ಹೊಲಿಗೆ ಯಂತ್ರ, ಬೀಗ ರಿಪೇರಿ ಮಾಡಿದಳು. ಪೋಸ್ಟ್‌ಮಾಸ್ಟರ ಮೇಲಿನ ತೀರ್ಪನ್ನು ಕೋರ್ಟು ರದ್ದು ಮಾಡಿತು. ಎರಡೂ ಪಿಸ್ತೂಲುಗಳನ್ನು ಇದ್ದ ಹಾಗೆಯೇ ತನ್ನಲ್ಲಿ ಉಳಿಸಿಕೊಂಡಿತು.

ಆದೇಶ ಬಂದ ಮರುವಾರ ಟೀಚರ್ ಅಂಗಡಿಗೆ ಬಂದು, ನೇರ ಮಹಡಿ ಹತ್ತಿ ಮಾವನ ಎದುರು ಕೂತರು.

“ನಿಮ್ಮನ್ನ ಕ್ಷಮಿಸೋಕೆ ನಾನು ಬಂದಿಲ್ಲ,” ಎಂದರು. “ಅದು ನನ್ನ ಕೈಲಾಗಲ್ಲ. ಆದ್ರೆ ಜೈಲಿಗೆ ಮುಂಚೆ ಅಪ್ಪ ಹೇಗಿದ್ರು ಅಂತ ನೋಡಿದವರು ಈಗ ನೀವೊಬ್ಬರೇ ಉಳಿದಿರೋದು. ನನಗೆ ಗೊತ್ತಿರೋ ಅಪ್ಪ ಮಾತೇ ಆಡ್ತಿರಲಿಲ್ಲ. ಅವರು ನಗ್ತಿದ್ರಾ?”

“ನಗಿಸ್ತಿದ್ರು,” ಎಂದರು ಮಾವ. “ಗುರಿ ತಪ್ಪಿದಾಗೆಲ್ಲ, ‘ವಿಳಾಸ ಸರಿ ಇರ್ಲಿಲ್ಲ, ನಾಳೆ ವಾಪಸ್ ಬರುತ್ತೆ ಬಿಡಿ’ ಅನ್ನೋರು. ಇಡೀ ಕ್ಲಬ್ಬು ನಗೋದು.”

ಟೀಚರ್ ಕೂಡಲೇ ನಗಲಿಲ್ಲ. ಕುರ್ಚಿಯನ್ನು ಇನ್ನೂ ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು.

“ಇನ್ನೇನು ಹೇಳೋರು?” ಎಂದು ಕೇಳಿದರು.