ಕೌನ್ಸಿಲರ್ ಗಂಡನ ಬಾಯಿ

ನಮ್ಮ ಕೊಯಮತ್ತೂರು ಸೀಮೆಯಲ್ಲಿ ಕಳ್ಳನಿಗೂ ಮರ್ಯಾದೆ ಕೊಟ್ಟೇ ಮಾತಾಡುತ್ತಾರೆ. ‘ವಾಂಗ, ಉಕ್ಕಾರುಂಗ’ ಎಂದು ಕರೆದು ಕೂರಿಸಿ, ಕಾಫಿ ಕೊಟ್ಟು, ಆಮೇಲೆ ಏನು ಕದ್ದಿರಿ ಎಂದು ಕೇಳುತ್ತಾರೆ. ಈ ಸೌಜನ್ಯ ನನಗೆ ಮಾತ್ರ ಒಲಿಯಲಿಲ್ಲ. ಪೊಳ್ಳಾಚಿ ರಸ್ತೆಯ ಮೇಲೆ ‘ಸುಬ್ಬಯ್ಯನ್ ಗ್ರೈಂಡರ್ ರಿಪೇರಿ’ ಎಂಬ ನನ್ನದೊಂದು ಅಂಗಡಿ ಇದೆ, ಪಕ್ಕದಲ್ಲೇ ಜೋಸೆಫನ ಬೇಕರಿ. ದಿನಾ ಬೆಳಿಗ್ಗೆ ಅಲ್ಲಿ ಟೀ ಕುಡಿಯುತ್ತ ಪೇಪರನ್ನು ಹತ್ತು ಜನಕ್ಕೆ ಕೇಳುವಂತೆ ಓದಿ, ಓದಿದ್ದಕ್ಕೆಲ್ಲ ನನ್ನದೊಂದು ಮಾತು ಸೇರಿಸುವುದು ನನ್ನ ನಿಜವಾದ ಕಸುಬು. ಗ್ರೈಂಡರ್ ಹೊಟ್ಟೆಪಾಡಿಗೆ.

ಮಂತ್ರಿಯೊಬ್ಬರು ಸೇತುವೆಗೆ ಅಡಿಗಲ್ಲು ಹಾಕಿದರು ಎಂದು ಪೇಪರಿನಲ್ಲಿ ಬಂದರೆ, ‘ಸೇತುವೆ ಏಳುವಷ್ಟರಲ್ಲಿ ಆ ಕಲ್ಲಿನ ಪಕ್ಕ ನಾಯಿ ಮರಿ ಹಾಕಿ, ಆ ಮರಿಗಳೂ ಮರಿ ಹಾಕಿರುತ್ತವೆ’ ಎನ್ನುತ್ತಿದ್ದೆ. ಚೀಟಿ ಕಂಪನಿಯವನು ಊರಿಗೆಲ್ಲ ಟೋಪಿ ಹಾಕಿ, ಪೊಲೀಸರು ಬಂದ ಕೂಡಲೆ ಎದೆನೋವೆಂದು ಆಸ್ಪತ್ರೆ ಸೇರಿದರೆ, ‘ನಮ್ಮ ದೊಡ್ಡಮನುಷ್ಯರಿಗೆ ಎದೆನೋವು ಬರೋದು ಎಣ್ಣೆಯಿಂದಲ್ಲ, ವಾರಂಟಿನಿಂದ’ ಎನ್ನುತ್ತಿದ್ದೆ. ಜನ ನಗುತ್ತಿದ್ದರು, ಜೋಸೆಫನ ಟೀ ಖರ್ಚಾಗುತ್ತಿತ್ತು. ಕೌನ್ಸಿಲರ್ ಗೋಪಾಲಸಾಮಿಯನ್ನು ಬೈಯುವುದಕ್ಕಂತೂ ನನಗೆ ಪೇಪರೂ ಬೇಕಿರಲಿಲ್ಲ. ನಮ್ಮ ಬೀದಿಯ ಕೊಳಾಯಿಯಲ್ಲಿ ನೀರು ಯಾವಾಗ ಬರುತ್ತದೆಂದು ಆ ಮನುಷ್ಯನಿಗೂ ಗೊತ್ತಿರಲಿಲ್ಲ, ದೇವರಿಗೂ ಗೊತ್ತಿರಲಿಲ್ಲ.

2006ರ ಪಟ್ಟಣ ಪಂಚಾಯಿತಿ ಚುನಾವಣೆಗೆ ನಮ್ಮ ವಾರ್ಡು ಹೆಂಗಸರಿಗೆ ಮೀಸಲಾಯಿತು. ಗೋಪಾಲಸಾಮಿ ಹೆಂಡತಿ ಸುಶೀಲಳನ್ನು ನಿಲ್ಲಿಸಿ ರಸ್ತೆಯ ತಿರುವಿನಲ್ಲಿ ಫ್ಲೆಕ್ಸ್ ಕಟ್ಟಿಸಿದ. ಅದರಲ್ಲಿ ಕೈ ಮುಗಿದು ಹಲ್ಲು ಬಿಡುತ್ತಿದ್ದ ಗೋಪಾಲಸಾಮಿ ಆಳೆತ್ತರವಿದ್ದ. ಮೂಲೆಯಲ್ಲಿ ಅಂಚೆಚೀಟಿಯಷ್ಟು ಸುಶೀಲ. ‘ಎಲೆಕ್ಷನ್ನಿಗೆ ನಿಂತಿರೋ ವಿಷಯ ಆ ಅಮ್ಮನಿಗೆ ಯಾರಾದರೂ ಹೇಳಿದ್ದಾರೇನ್ರಪ್ಪಾ?’ ಎಂದು ನಾನು ಕೇಳಿದೆ. ಬೇಕರಿ ಬಿದ್ದು ಬಿದ್ದು ನಕ್ಕಿತು. ಅದೇ ಖುಷಿಯಲ್ಲಿ ಮನೆಗೆ ಬಂದು ಹೆಂಡತಿ ಸಾಮಿಯಾತಾಳಿಗೂ ಹೇಳಿದೆ.

ನಾವು ಎಷ್ಟೋ ತಲೆಮಾರಿನ ಹಿಂದೆ ಇಲ್ಲಿಗೆ ಬಂದು ನೆಲೆಸಿದ ಕನ್ನಡದವರು. ಓದು, ವ್ಯಾಪಾರ, ಬೀದಿ ಜಗಳ ಎಲ್ಲ ತಮಿಳಿನಲ್ಲಿ. ಸಾಮಿಯಾತಾಳ್ ನನ್ನನ್ನು ತರಾಟೆಗೆ ತೆಗೆದುಕೊಳ್ಳುವುದು ಮಾತ್ರ ಕನ್ನಡದಲ್ಲಿ.

‘ಏನುಂಗ, ಇಷ್ಟು ವರ್ಷ ಆ ಮನುಷ್ಯನ್ನ ಬೈದ್ರಿ’ ಎಂದಳು, ಸೊಪ್ಪು ಸೋಸುತ್ತ. ‘ನಿಮ್ಮ ಬಾಯಿಂದ ನಮ್ಮ ಬೀದಿಗೆ ಒಂದ್ ಕೊಡ ತಣ್ಣಿ ಬಂದೈತಾ?’

ಸೋಸಿದ ಸೊಪ್ಪನ್ನು ಬುಟ್ಟಿಗೆ ಹಾಕಿ ಮುಂದುವರಿಸಿದಳು. ‘ನಾನು ನಿಂತ್ಕೋತೀನಿ. ನೀರು ಬರೋ ಹೊತ್ತು ಒಂದು ನಿಗದಿ ಆಗ್ಬೇಕು, ಅಷ್ಟೇ. ಕೊಡ ಹಿಡ್ಕೊಂಡು ದಿನಾಪೂರ್ತಿ ಕೊಳಾಯಿ ಕಾಯೋದು ಇನ್ನು ನನ್ ಕೈಲಿ ಆಗೋದಿಲ್ಲ.’

ತಮಾಷೆ ಎಂದುಕೊಂಡೆ. ಮರುದಿನ ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೋಗಿ ಪಕ್ಷೇತರಳಾಗಿ ನಾಮಪತ್ರ ಹಾಕಿಯೇ ಬಂದಳು. ಅವಳಿಗೆ ಸಿಕ್ಕ ಚಿಹ್ನೆ ಬೀಗ ಮತ್ತು ಕೀಲಿ. ಅದು ಸುಬ್ಬಯ್ಯನ್ ಬಾಯಿಗೆಂದೇ ಕೊಟ್ಟದ್ದು ಎಂದು ಜೋಸೆಫ್ ಬೇಕರಿಯಲ್ಲೆಲ್ಲ ಸಾರಿದ. ಸಾಮಿಯಾತಾಳಿಗೂ ಅದೇ ಅಭಿಪ್ರಾಯವಿತ್ತು. ಎಲೆಕ್ಷನ್ ಮುಗಿಯುವವರೆಗೆ ಪೇಪರ್ ಓದಬಾರದು, ಯಾರನ್ನೂ ಬೈಯಬಾರದು ಎಂದು ಕಟ್ಟಪ್ಪಣೆಯಾಯಿತು. ಆ ದಿನಗಳಲ್ಲಿ ನಾನು ಪಟ್ಟ ಪಾಡು ನನಗೇ ಗೊತ್ತು. ಸಿನಿಮಾ ನಟನೊಬ್ಬ ಗಾಂಧಿಪುರಂನಲ್ಲಿ ಒಡವೆ ಅಂಗಡಿ ಉದ್ಘಾಟಿಸಲು ಬಂದು ಅರ್ಧ ಊರಿನ ಬಸ್ಸುಗಳೆಲ್ಲ ನಿಂತವು. ಅಂಥ ರಸಗವಳ ಕಣ್ಣೆದುರು ಇದ್ದರೂ ನಾನು ಬನ್ ಕಚ್ಚಿಕೊಂಡು ಸುಮ್ಮನೆ ಕೂತಿದ್ದೆ.

ಫ್ಲೆಕ್ಸ್ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ನಾವಿಬ್ಬರೂ ಇರುವ ಫೋಟೊ ಕೊಟ್ಟು, ಇದರಲ್ಲಿ ಅಮ್ಮನನ್ನು ಹಾಕಿ ಎಂದು ಅಂಗಡಿಯವನಿಗೆ ಹೇಳಿ ಬಂದೆ. ಬೀದಿಯವರೆಲ್ಲ ಸೇರಿ ಅದನ್ನು ಕಂಬಕ್ಕೆ ಕಟ್ಟಿ ಸುರುಳಿ ಬಿಚ್ಚಿ ನೋಡಿದರೆ ಆಳೆತ್ತರಕ್ಕೆ ನಾನು! ಕೈ ಬೇರೆ ಮುಗಿದಿದ್ದೇನೆ. ಆ ಕೈಗಳು ನನ್ನವಲ್ಲ, ಯಾವುದೋ ಪುಢಾರಿಯವು. ಮೂಲೆಯಲ್ಲಿ ಅಂಚೆಚೀಟಿಯಷ್ಟು ಸಾಮಿಯಾತಾಳ್. ಅಂಗಡಿಯವನಿಗೆ ಫೋನ್ ಮಾಡಿ ಕೂಗಾಡಿದರೆ, ‘ಲೇಡೀಸ್ ವಾರ್ಡುಂಗಣ್ಣಾ, ಎಲ್ಲರಿಗೂ ಇದೇ ಡಿಸೈನ್’ ಎಂದ, ಬಹಳ ಮರ್ಯಾದೆಯಿಂದ.

ಗೋಪಾಲಸಾಮಿಯ ಅಣ್ಣನ ಮಗ ಮೋಹನ್ ರಾಜ್ ಬೈಕಿನಿಂದ ಇಳಿದು ಅದನ್ನು ಕಣ್ತುಂಬ ನೋಡಿದ. ಸುತ್ತ ಜನವಿದ್ದರು. ‘ಕೌನ್ಸಿಲರಾದವರೆಲ್ಲ ತಿನ್ನೋರೇ ಅಂತ ನೀವೇ ಸೊಲ್ತಿದ್ರಿ ಅಣ್ಣಾ. ಈಗ ಅಕ್ಕಾನೂ ತಿಂತಾರಾ?’ ಎಂದು ಕೇಳಿದ.

ನಾನು ಸಾಮಿಯಾತಾಳ್ ಕಡೆ ನೋಡಿದೆ. ಬೀದಿಯ ಹೆಂಗಸರೂ ಅವಳ ಮುಖವನ್ನೇ ನೋಡುತ್ತಿದ್ದರು. ನನ್ನದೇ ಮಾತಿನಿಂದ ಅವಳು ಸೋಲುತ್ತಾಳೆ ಅನ್ನಿಸಿ ನಿಜಕ್ಕೂ ಹೆದರಿಕೆಯಾಯಿತು. ಅಷ್ಟು ದಿನ ಕಟ್ಟಿಟ್ಟ ಬಾಯಿ ತಾನೇ ತೆರೆದುಕೊಂಡಿತು.

‘ತಿಂದ್ರೆ ನಾನು ಬಿಡ್ತೀನಾ ಮಾಪ್ಳೆ? ಬೇರೆ ಕೌನ್ಸಿಲರ್‌ಗಳ ಮನೇಲಿ ಜೈಕಾರ ಹಾಕೋರು ಇರ್ತಾರೆ. ಇವಳ ಮನೇಲಿ ನಾನಿದ್ದೀನಿ! ಇವಳು ತಪ್ಪು ಮಾಡಿದ ದಿನ ಇದೇ ಬೇಕರೀಲಿ, ಇದೇ ಬೆಂಚಲ್ಲಿ ಕೂತು, ಪೇಪರಿಗೆ ಮೊದಲು ನಾನೇ ಬೈತೀನಿ. ನಿಮ್ಮ ಚಿಕ್ಕಪ್ಪನ್ನ ಬೈಯೋಕೆ ನಿಮ್ಮ ಮನೇಲಿ ಯಾರಿದ್ದಾರೆ, ಹೇಳು ನೋಡೋಣ!’

ಹೆಂಗಸರು ಗೊಳ್ಳೆಂದರು. ಸಾಮಿಯಾತಾಳ್ ಮನೆಯಿಂದ ಕತ್ತರಿ ತಂದು ಫ್ಲೆಕ್ಸಿನಿಂದ ನನ್ನನ್ನು ಕತ್ತರಿಸಿ ತೆಗೆದಳು. ಉಳಿದ ಪುಟ್ಟ ತುಂಡನ್ನೇ ಕಂಬಕ್ಕೆ ಕಟ್ಟಿಸಿದಳು. ಅದನ್ನು ನೋಡಲೆಂದೇ ಆಚೆ ಬೀದಿಯಿಂದ ಜನ ಬಂದರು. ನನ್ನ ಭಾಗ ಇವತ್ತಿಗೂ ಅಂಗಡಿಯ ಹಿಂದೆ ಹಳೇ ಗ್ರೈಂಡರ್ ಕಲ್ಲುಗಳನ್ನು ಮಳೆಯಿಂದ ಕಾಪಾಡುತ್ತಿದೆ.

ಅವಳು ಗೆದ್ದಳು. ಪಂಚಾಯಿತಿ ಆಫೀಸಿನಲ್ಲಿ ‘ಸಾರ್ ಬರಲಿಲ್ವಾ ಅಮ್ಮಾ?’ ಎಂದು ಕೇಳಿದರಂತೆ. ‘ಸಾರಿಗೆ ಗ್ರೈಂಡರ್ ಕೆಲಸ ಇದೆ’ ಎಂದು ಹೇಳಿ ಕುರ್ಚಿ ಎಳೆದುಕೊಂಡು ಕೂತಳಂತೆ. ಬೆಳಿಗ್ಗೆ ಏಳಕ್ಕೆ ನೀರು ಎಂದು ನಿಗದಿಯೂ ಆಯಿತು. ಕೆಲವು ದಿನ ಸರಿಯಾಗಿ ಬಂತು. ಆಮೇಲೆ ಪಂಪಿನ ಮೋಟಾರ್ ಸುಟ್ಟುಹೋಗಿ ಕೊಳಾಯಿ ಒಣಗಿತು.

ಬೇಕರಿಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ನಾನು ಚಿನ್ನದ ಬೆಲೆ ಓದಿದೆ. ಮರುದಿನ ಹವಾಮಾನ ಓದಿದೆ. ಇನ್ನೊಬ್ಬರ ಹೆಂಡತಿಯಾಗಿದ್ದರೆ ಎಷ್ಟು ಚೆನ್ನಾಗಿ ಬೈಯಬಹುದಿತ್ತು! ಆದರೆ ಸಂಜೆ ಅವಳು ಸೋತ ಮುಖ ಹೊತ್ತು ಬರುವುದನ್ನು ನೋಡಿದರೆ ಬಾಯಿ ಬರುತ್ತಿರಲಿಲ್ಲ.

‘ಬೇಕರೀಲಿ ಇವತ್ತು ನನ್ನ ಏನಂದ್ರಿ?’ ಎಂದು ಒಂದು ರಾತ್ರಿ ಊಟಕ್ಕೆ ಬಡಿಸುತ್ತ ಕೇಳಿದಳು.

‘ಏನೂ ಅನ್ನಲಿಲ್ಲ’ ಎಂದೆ, ಮೆಚ್ಚುತ್ತಾಳೆಂದು ಎಣಿಸಿ.

ಸೌಟು ಪಾತ್ರೆಗೆ ಬಿತ್ತು. ‘ಗೋಪಾಲಸಾಮಿ ಇದ್ದಾಗ ಹಿಂಗೇ ಬಾಯಿ ಮುಚ್ಕೊಂಡಿದ್ರಾ? ಬೀದಿ ಮುಂದೆ ಏನ್ ಸೊಲ್ಲಿದ್ರಿ ನೀವು? ಮೋಟಾರ್ ರಿಪೇರಿ ಮಾಡ್ಸಿ ಅಂತ ನಾನು ದಿನಾ ಆಫೀಸಲ್ಲಿ ಕೇಳ್ತೀನಿ, ನಾಳೆ ನಾಳೆ ಅಂತಾರೆ. ಜನ ಬೈತಾವ್ರೆ ಅಂತ ಹೇಳೋಣ ಅಂದ್ರೆ ಒಬ್ರೂ ಬೈತಿಲ್ಲ! ನೀವೇ ಬೈದಿಲ್ಲ ಅಂದ್ಮೇಲೆ ಇನ್ಯಾರ್ ಬೈತಾರೆ?’ ಅವಳ ಕಣ್ಣಲ್ಲಿ ನೀರಿತ್ತು.

ಬೆಳಿಗ್ಗೆ ಪಂಚಾಯಿತಿಯ ಗುಮಾಸ್ತರು ಬೇಕರಿಗೆ ಬರುವ ಹೊತ್ತು ನೋಡಿಕೊಂಡು ಹೋದೆ. ಪೇಪರ್ ಬಿಡಿಸಲೂ ಇಲ್ಲ. ‘ನಮ್ಮ ವಾರ್ಡಿಗೆ ಹೊಸ ಕೌನ್ಸಿಲರಮ್ಮ ಬಂದಿದ್ದಾರೆ, ಗೊತ್ತುಂಗಳಾ?’ ಎಂದು ಶುರು ಮಾಡಿದೆ. ‘ನೀರು ಬಿಡಿಸ್ತೀನಿ ಅಂತ ಓಟು ಇಸ್ಕೊಂಡು ಒಂದು ಮೋಟಾರ್ ರಿಪೇರಿ ಮಾಡಿಸೋಕೆ ಆಗದೋರು! ಆಫೀಸಿನವರು ನಾಳೆ ಅಂದ್ರೆ ಎದ್ದು ಬರ್ತಾರಂತೆ! ನಾಳೆ ಅಂದವರ ಮೇಜಿನ ಮೇಲೆ ಖಾಲಿ ಕೊಡ ಇಡೋಕೆ ಏನು ದಾಡಿ?’

ಗುಮಾಸ್ತರು ಟೀ ಅರ್ಧಕ್ಕೆ ಬಿಟ್ಟು ಎದ್ದರು. ಎದುರು ಬದಿಯ ಕೊಳಾಯಿಯ ಹತ್ತಿರ, ಹೆಂಗಸರ ನಡುವೆ, ಸಾಮಿಯಾತಾಳ್ ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು. ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳು. ಇನ್ನೂ ಜೋರಾಗಿ ಎಂದು ಕೈಸನ್ನೆ ಮಾಡಿದಳು. ನಾನು ದನಿ ಏರಿಸಿದೆ. ಮದುವೆಯಾದಂದಿನಿಂದ ಅವಳನ್ನು ಮೆಚ್ಚಿ ಹೇಳಲು ನನಗೆ ನಾಲ್ಕು ಮಾತು ಸಿಕ್ಕಿರಲಿಲ್ಲ. ಅವತ್ತು ಊರೆಲ್ಲ ಕೇಳುವಂತೆ ಬೈಯುತ್ತ ಹೇಳಿಬಿಟ್ಟೆ.